ಎಂಟರ್‌ಪ್ರೈಸ್ ಸೌದೆಯಲ್ಲ

ನಿನ್ನೆ ಮಧ್ಯಾಹ್ನದಿಂದ ಊಟ ಸೇರುತ್ತಿಲ್ಲ. ಪಂಪ್‌ಸೆಟ್ಟಿನ ಬಿಡಿಭಾಗ ಹುಡುಕಿಕೊಂಡು ಕೋಲಾರದ ಹೊರಗಿನ ಒಂದು ಗುಜರಿ ಅಂಗಡಿಗೆ ಹೋಗಿದ್ದೆ. ತಗಡುಗಳ ಹಿಂದೆ, ನಾಲ್ಕು ಇಟ್ಟಿಗೆಗಳ ಮೇಲೆ ಒಂದು ದೋಣಿ ಬೋರಲು ಬಿದ್ದಿತ್ತು. ಅದರಡಿ ಕೋಳಿಗಳು. ತಳದ ಎರಡೂ ಬದಿಯ ಜೋಡಿ ಮಡಿಕೆ ಕಂಡ ಕೂಡಲೇ ಗುರುತು ಸಿಕ್ಕಿತು. ಎಂಟರ್‌ಪ್ರೈಸ್ ಎಂಬ ಮರದ ಹಾಯಿದೋಣಿ! ಬಗ್ಗಿ ಒಳಗೆ ಕೈಯಾಡಿಸಿದೆ. ಮರದಲ್ಲಿ ಕೊರೆದ ಸಂಖ್ಯೆ ಬೆರಳಿಗೆ ತಗುಲಿತು. ಎರಡು ಅಂಕಿ ತಿಳಿದವು, ಉಳಿದವುಗಳ ಮೇಲೆ ಯಾರೋ ಡಾಂಬರು ಬಳಿದಿದ್ದರು.

"ಇದರಲ್ಲಿ ಕಬ್ಬಿಣ ಇಲ್ಲ ಸಾರ್, ಭಾನುವಾರ ಕೊಯ್ದು ಸೌದೆಗೆ ಹಾಕುತ್ತೇನೆ" ಎಂದ ಅಂಗಡಿಯವನು. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ನಮ್ಮ ಮೇಲೆ, ಸೇನೆಯ ಇಂಜಿನಿಯರ್ ದಳದಲ್ಲಿದ್ದಾಗ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಇದೇ ಬಗೆಯ ದೋಣಿಯಲ್ಲಿ ಹಾಯಿ ಹಿಡಿಯಲು ಕಲಿತು, ಪಿಂಚಣಿ ಪಡೆದು ಊರು ಸೇರಿದ ನಮ್ಮ ಮೇಲೆ.

ಇಂಗ್ಲೆಂಡಿನ ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್ ಈ ದೋಣಿಯನ್ನು ರೂಪಿಸಿದ್ದೇ ಸಾಮಾನ್ಯರು ಮನೆಯಲ್ಲಿ ಪ್ಲೈವುಡ್ ಕೊಯ್ದು ಕಟ್ಟಿಕೊಳ್ಳಲಿ ಎಂದು. 1956ರ ಜನವರಿಯಲ್ಲಿ ಇಂತಹ ಎರಡು ದೋಣಿಗಳು ರಾತ್ರಿಯಲ್ಲಿ ಇಂಗ್ಲಿಷ್ ಕಾಲುವೆ ದಾಟಿದವು. ನಾಲ್ಕು ಮೀಟರ್ ಉದ್ದ, ತಿಳಿನೀಲಿ ಹಾಯಿ, ಇಬ್ಬರು ಸವಾರರು. ಇಂಗ್ಲೆಂಡಿನಲ್ಲಿ ಇದರ ಮಾಲೀಕರಿಗೆ ಇಂದಿಗೂ ಸಂಘವಿದೆ. ಮಾಲೀಕರ ಸಂಘ ಎಂದರೆ ದೊಡ್ಡವರ ಗತ್ತು ಎಂದುಕೊಳ್ಳಬೇಡಿ. ಒಬ್ಬನ ದೋಣಿಯ ತಳ ಕೊಳೆತರೆ ಅದನ್ನು ಸರಿಪಡಿಸಿದ ಅನುಭವವಿರುವ ಇನ್ನೊಬ್ಬ ಹತ್ತಿರದಲ್ಲೇ ಇರಬೇಕು. ಸಂಘ ಬೇಕಾಗಿರುವುದು ಅದಕ್ಕೆ. ಒಂಟಿ ಮಾಲೀಕನ ಮರದ ದೋಣಿ ಎರಡು ಮಳೆಗಾಲ ಕಳೆದರೆ ಕೋಳಿಗೂಡು.

"ಕೋಲಾರದಲ್ಲಿ ನೀರೆಲ್ಲಿದೆ?" ಎಂದು ಕೇಳುವವರು ಈಗ ಬರುತ್ತಾರೆ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಹರಿದು ಬಂದದ್ದನ್ನು ಮರೆತಿರಾ? ಆ ನೀರಿಗೆ ಮೂರನೆಯ ಹಂತದ ಸಂಸ್ಕರಣೆ ಆಗಲೇಬೇಕು ಎನ್ನುವವರಲ್ಲಿ ನಾನೂ ಒಬ್ಬ, ಅದು ಬೇರೆ ಹೋರಾಟ. ನಡುವಿನ ಹಲಗೆಯನ್ನು ಮೇಲೆತ್ತಿದರೆ ಈ ದೋಣಿಗೆ ಮೊಣಕಾಲುದ್ದದ ನೀರೂ ಸಾಕು. ಬಯಲುಸೀಮೆಯವರಿಗೆ ಹಾಯಿ ಏಕೆ ಎಂಬ ಮಾತನ್ನಂತೂ ನಾನು ಕೇಳಲಾರೆ. 1985ರಿಂದ 1987ರವರೆಗೆ 'ತೃಷ್ಣಾ' ಎಂಬ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದವರು ನಮ್ಮ ಸೇನೆಯ ಇಂಜಿನಿಯರುಗಳೇ ಅಲ್ಲವೇ?

ಇನ್ನೊಂದು ವಿಷಯ. ಇದನ್ನು ಮನೆಯಲ್ಲೂ ಹೇಳಿರಲಿಲ್ಲ. ಆರು ವರ್ಷದ ಹಿಂದೆ ಒಂದು ಸಂಸ್ಥೆ ಹಳೆಯ ದೋಣಿಗಳನ್ನು ಹರಾಜಿಗಿಟ್ಟ ಪಟ್ಟಿ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿತ್ತು. ಮೂರು ಎಂಟರ್‌ಪ್ರೈಸ್ ಇದ್ದವು, ಹಳೆಯ ಸ್ಕೂಟರಿಗಿಂತ ಅಗ್ಗ. ಮಗಳ ಮದುವೆಯ ಸಾಲ ತೀರಿರಲಿಲ್ಲ. ಒಬ್ಬನಿಂದ ಆಗದಿದ್ದರೆ ನಾಲ್ವರು ಸೇರಿ ಕೊಳ್ಳೋಣ ಎಂದು ಬರೆಯಬಹುದಿತ್ತು. ಬರೆಯಲಿಲ್ಲ. ನನ್ನ ಯೌವನದ ಒಂದು ಫೋಟೊ ಹಾಕಿದೆ, ಎಲ್ಲರೂ ಮೆಚ್ಚಿದರು, ಅವರ ಫೋಟೊಗಳನ್ನೂ ಹಾಕಿದರು. ಹರಾಜು ಮುಗಿಯಿತು. ನಿನ್ನೆ ಕೋಳಿಗಳ ಮೇಲಿದ್ದದ್ದು ಆ ಮೂರರಲ್ಲಿ ಒಂದೋ ಅಲ್ಲವೋ, ಆ ಡಾಂಬರು ಕೆರೆದು ನೋಡಲು ನನಗೆ ಧೈರ್ಯ ಬರಲಿಲ್ಲ.

ಫೈಬರ್ ದೋಣಿ ಸಿಗುತ್ತದಲ್ಲ, ಇದೇ ಏಕೆ ಎನ್ನಬೇಡಿ. ಪಕ್ಕದ ಬೀದಿಯ ಬಡಗಿ ಕೈಗರಗಸದಲ್ಲಿ ದುರಸ್ತಿ ಮಾಡಬಲ್ಲ ದೋಣಿ ಇದು. ಮುಂಭಾಗದ ಒಂದು ಹಲಗೆ ಕೊಳೆತಿದೆ, ಹಿಂಭಾಗ ಗಟ್ಟಿಯಾಗಿದೆ. ಉಗುರು ಒತ್ತಿ ನೋಡಿದ್ದೇನೆ, ಇಳಿಯಲಿಲ್ಲ.

ಐನೂರು ರೂಪಾಯಿ ಮುಂಗಡ ಕೊಟ್ಟು ಬಂದಿದ್ದೇನೆ. ಖಾಲಿ ದೋಣಿಯೇ 94 ಕಿಲೋ ತೂಗುತ್ತದೆ, ಟೆಂಪೊಗೆ ಏರಿಸಲು ನಾಲ್ವರು ಬೇಕು. ಕೋಲಾರ, ಕೆಜಿಎಫ್, ಚಿಂತಾಮಣಿಯಲ್ಲಿರುವ ಸ್ಯಾಪರ್‌ಗಳು, ಅಂದರೆ ನಮ್ಮ ಇಂಜಿನಿಯರ್ ದಳದವರು, ಓದುತ್ತಿದ್ದರೆ ಶನಿವಾರ ಬೆಳಿಗ್ಗೆ ಏಳಕ್ಕೆ ಬನ್ನಿ. ಫೋಟೊ ಆಮೇಲೆ ತೆಗೆಯೋಣ. ಹಗ್ಗ ನಾನು ತರುತ್ತೇನೆ.