ಬೇಕಾದ ದಿನವೇ ಸಾಯುವ ಜಿಪಿಎ

ನಿನ್ನೆ ಒಂದು ಬ್ಯಾಂಕಿನಲ್ಲಿ ಕಂಡದ್ದರ ಸಿಟ್ಟು ಇನ್ನೂ ಇಳಿದಿಲ್ಲ. ಸಿಟ್ಟು ಮ್ಯಾನೇಜರ್ ಮೇಲಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅಲ್ಲಿದ್ದವರೆಲ್ಲ ಬೈಯುತ್ತಿದ್ದುದು ಅವರನ್ನೇ. ನಮ್ಮ ದೂರದ ಸಂಬಂಧಿಯೊಬ್ಬರು ಪಾರ್ಶ್ವವಾಯು ಬಡಿದು ಮೂರು ವಾರಗಳಿಂದ ಪ್ರಜ್ಞೆಯಿಲ್ಲದೆ ಮಲಗಿದ್ದಾರೆ. ಆಸ್ಪತ್ರೆಯ ಖರ್ಚಿಗೆ ತಂದೆಯ ಠೇವಣಿ ಮುರಿಸಲು ಮಗ ಅವರು ಬರೆದುಕೊಟ್ಟಿದ್ದ ನೋಂದಣಿಯಾದ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಹಿಡಿದು ಹೊರಟಿದ್ದ. ವಕೀಲ ಜೊತೆಗಿದ್ದರೆ ಕೆಲಸ ಬೇಗ ಆಗುತ್ತದೆಂದು ನನ್ನನ್ನೂ ಎಳೆದೊಯ್ದಿದ್ದ. ಮ್ಯಾನೇಜರ್ ಪತ್ರವನ್ನು ಪೂರ್ತಿ ಓದಿ, "ಸರ್, ಇದು ಈಗ ನಡೆಯುವುದಿಲ್ಲ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು.

ಎಷ್ಟು ವರ್ಷಗಳಿಂದ ಇದನ್ನೇ ಹೇಳುತ್ತಿದ್ದೇನೋ! ಜಿಪಿಎ ಎಂದರೆ "ನನ್ನ ಬದಲು ನೀನು ಮಾಡು" ಎಂಬ ನೇಮಕವಷ್ಟೇ. ನೇಮಿಸಿದವರು ಸತ್ತರೆ ಅಥವಾ ಬುದ್ಧಿಸ್ವಾಧೀನ ಕಳೆದುಕೊಂಡರೆ, ಕೆಲವು ಅಪರೂಪದ ಸಂದರ್ಭಗಳನ್ನು ಬಿಟ್ಟು, 1872ರ ಕರಾರು ಕಾಯ್ದೆಯ 201ನೇ ಕಲಮಿನಂತೆ ಆ ನೇಮಕ ಅಲ್ಲಿಗೆ ಮುಗಿಯುತ್ತದೆ. ಅಂದರೆ ಅಪ್ಪ ಗಟ್ಟಿಮುಟ್ಟಾಗಿದ್ದು ತಾವೇ ಸಹಿ ಹಾಕಬಲ್ಲವರಾಗಿರುವಷ್ಟು ದಿನ ಆ ಪತ್ರಕ್ಕೆ ಜೀವ, ಅವರು ಮಲಗಿದ ದಿನ ಅದೂ ಮಲಗುತ್ತದೆ.

"ನಾನು ನಾಮಿನಿ ಅಲ್ಲವೇ?" ಎಂದು ಮಗ ಕೇಳಿದ. ನಾಮಿನಿಯ ಸರದಿ ಬರುವುದು ಸತ್ತ ಮೇಲೆ, ಉಯಿಲಿನದೂ ಹಾಗೆಯೇ. ಬದುಕಿಯೂ ಮಾತಾಡಲಾಗದ ಮನುಷ್ಯನಿಗೆ ಇವೆರಡರಿಂದಲೂ ಪ್ರಯೋಜನವಿಲ್ಲ.

ಹಾಗಾದರೆ ಅವರ ಪರವಾಗಿ ವ್ಯವಹರಿಸುವ ಪಾಲಕರನ್ನು (ಗಾರ್ಡಿಯನ್) ನೇಮಿಸಬಹುದಲ್ಲ ಎನ್ನುತ್ತೀರಿ. ಅಪ್ರಾಪ್ತ ಮಕ್ಕಳಿಗೆ 1890ರ ಕಾಯ್ದೆ ಇದೆ, ಆಟಿಸಂ, ಸೆರೆಬ್ರಲ್ ಪಾಲ್ಸಿಯಂಥ ಸ್ಥಿತಿಯವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. ಪ್ರಜ್ಞೆ ತಪ್ಪಿದ ವಯಸ್ಕರಿಗೆ ಮಾತ್ರ ನೇರವಾದ ಕಾಯ್ದೆಯೇ ಇಲ್ಲ. ಮಾನಸಿಕ ಅಸ್ವಸ್ಥರ ಆಸ್ತಿ ನೋಡಿಕೊಳ್ಳಲು 1987ರ ಕಾಯ್ದೆಯಲ್ಲಿದ್ದ ಏರ್ಪಾಡನ್ನು ಕೂಡ 2017ರ ಹೊಸ ಕಾಯ್ದೆ ಉಳಿಸಿಕೊಳ್ಳಲಿಲ್ಲ, ಬಹುಶಃ ಕಾಯಿಲೆಯವರಿಗೆ ಆಸ್ತಿ ಇರುವುದಿಲ್ಲವೆಂದು ಭಾವಿಸಿರಬೇಕು. ಉಳಿದಿರುವುದು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ. ಇಂಥವರಿಗೆ ಪಾಲಕರನ್ನು ನೇಮಿಸುವ ಕ್ರಮವನ್ನು ಕೇರಳ ಹೈಕೋರ್ಟ್ 2019ರಲ್ಲಿ ಮಾರ್ಗಸೂಚಿಯಾಗಿ ಬರೆದಿಟ್ಟಿದೆ.

ಬುದ್ಧಿ ಹೋದ ಮೇಲೂ ಜಿಪಿಎ ನಡೆಯುವಂತಿದ್ದರೆ ಮಕ್ಕಳು ಹಾಸಿಗೆಯ ಪಕ್ಕದಲ್ಲೇ ಮನೆ ಮಾರಿಯಾರು ಎಂದು ನನ್ನ ಸಹೋದ್ಯೋಗಿಯೊಬ್ಬರ ವಾದ. ಮಾರುವವರು ಈಗಲೂ ಮಾರುತ್ತಿದ್ದಾರೆ, ಕದ್ದು ಮಾರುತ್ತಾರೆ ಅಷ್ಟೇ. ಇಂಗ್ಲೆಂಡಿನಲ್ಲಿ ಬುದ್ಧಿ ಹೋದ ಮೇಲೂ ಉಳಿಯುವ ಅಧಿಕಾರ ಪತ್ರವಿದೆ. ಅದನ್ನು ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು, ಬರೆದುಕೊಡುವವರು ಅರಿತು, ಒತ್ತಡವಿಲ್ಲದೆ ಬರೆದಿದ್ದಾರೆಂದು ಮೂರನೆಯವರೊಬ್ಬರು ದೃಢೀಕರಿಸಬೇಕು.

ಇಷ್ಟು ಜೋರಾಗಿ ಬರೆಯುತ್ತಿರುವ ನಾನೂ ಸಾಚಾ ಅಲ್ಲ. ಅಮ್ಮನಿಗೆ ಮರೆವು ಬಲಿತು, ನನ್ನನ್ನೇ "ನೀವು ಯಾರು?" ಎಂದು ಕೇಳತೊಡಗಿದ ಮೇಲೂ ಅವಳು ಕೊಟ್ಟಿದ್ದ ಜಿಪಿಎ ಮೇಲೆ ಐದು ತಿಂಗಳು ಸಹಿ ಹಾಕಿದ್ದೇನೆ. ಹಣವೆಲ್ಲ ಅವಳ ಔಷಧಕ್ಕೇ ಹೋಯಿತು, ಆದರೆ ಆ ಸಹಿಗಳಿಗೆ ಬೆಲೆಯಿಲ್ಲವೆಂಬುದು ನನಗೆ ಗೊತ್ತಿತ್ತು.

ರಿಟ್ ಅರ್ಜಿಯಲ್ಲಿ ಎಲ್ಲ ವಾರಸುದಾರರ ವಿವರ ಕೊಡಬೇಕು, ಆದಷ್ಟೂ ಅವರ ಒಪ್ಪಿಗೆಯೂ ಬೇಕು ಎಂದು ಹೊರಗೆ ಬಂದು ಹೇಳಿದಾಗ ಮಗ ಸುಮ್ಮನಾದ. ಆಸ್ತಿಯ ಜಗಳದಲ್ಲಿ ಅಕ್ಕನೊಂದಿಗೆ ಮಾತು ಬಿಟ್ಟು ಆರು ವರ್ಷವಾಗಿದೆಯಂತೆ. ಅವಳ ಫೋನ್ ನಂಬರ್ ಯಾರ ಬಳಿ ಇದೆಯೆಂದು ಈಗ ಹುಡುಕುತ್ತಿದ್ದಾನೆ.