ಸ್ಪಷ್ಟನೆ: ಉಸಿರಿನ ಪರೀಕ್ಷೆ ಡಯಾಲಿಸಿಸ್ ರೋಗಿಗಳ ರಕ್ತಪರೀಕ್ಷೆಗೆ ಬದಲಿಯಲ್ಲ

ಡಯಾಲಿಸಿಸ್ ಮಾಡಿಸಿಕೊಳ್ಳುವವರು ಯಂತ್ರವೊಂದಕ್ಕೆ ಊದಿದರೆ ಸಾಕು, ಇನ್ನು ರಕ್ತಪರೀಕ್ಷೆಯೇ ಬೇಡ ಎಂದು ಹರಿದಾಡುತ್ತಿರುವ ಸಂದೇಶ ಸರಿಯಲ್ಲ. ಮೂತ್ರಪಿಂಡ ವಿಫಲವಾದಾಗ ರಕ್ತದಲ್ಲಿ ಹೆಚ್ಚುವ ಯೂರಿಯಾ ಎಂಬ ತ್ಯಾಜ್ಯ ಜೊಲ್ಲಿಗೂ ಸೇರಿ, ಬಾಯಿಯ ಬ್ಯಾಕ್ಟೀರಿಯಾಗಳು ಅದನ್ನು ಒಡೆಯುವುದರಿಂದ ಉಸಿರಿನಲ್ಲಿ ಅಮೋನಿಯಾ ಕಾಣಿಸಿಕೊಳ್ಳುತ್ತದೆ ಮತ್ತು ಡಯಾಲಿಸಿಸ್ ನಡೆದಂತೆ ಅದು ಸಾಮಾನ್ಯವಾಗಿ ಇಳಿಯುತ್ತದೆ ಎಂಬುದು ನಿಜ. ಸಂದೇಶ ಹುಟ್ಟಿರುವುದೂ ಬಹುಶಃ ಇದರಿಂದಲೇ. ಆದರೆ ಬಾಯಿ ಮುಕ್ಕಳಿಸಿದರೂ, ಉಸಿರನ್ನು ಮೂಗಿನಿಂದ ಬಿಟ್ಟರೂ ಆ ಅಳತೆ ಬದಲಾಗುತ್ತದೆ. ಡಯಾಲಿಸಿಸ್ ಸಾಕಷ್ಟಾಯಿತೇ ಎಂಬುದನ್ನು ಚಿಕಿತ್ಸೆಯ ಮೊದಲಿನ ಮತ್ತು ನಂತರದ ರಕ್ತದ ಯೂರಿಯಾ ಹೋಲಿಸಿಯೇ ತಿಳಿಯಬೇಕು. ವಾರಕ್ಕೆ 3 ಬಾರಿ ಮಾಡಿಸಿಕೊಳ್ಳುವವರಲ್ಲಿ ಅದು ಕನಿಷ್ಠ ಶೇ 65ರಷ್ಟು ಇಳಿಯಬೇಕೆಂಬುದು ರೂಢಿಯ ಮಾನದಂಡ. ಹೃದಯವನ್ನೇ ನಿಲ್ಲಿಸಬಲ್ಲ ಪೊಟ್ಯಾಸಿಯಂ ಏರಿಕೆಯನ್ನಂತೂ ಈ ಅಮೋನಿಯಾ ಅಳತೆ ತೋರಿಸುವುದೇ ಇಲ್ಲವಾದ್ದರಿಂದ, ಸಂದೇಶ ನಂಬಿ ರಕ್ತಪರೀಕ್ಷೆ ತಪ್ಪಿಸುವುದು ಪ್ರಾಣಕ್ಕೆ ಅಪಾಯ. ಹೊಟ್ಟೆಯಲ್ಲಿ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕಿಗೆಂದು ಮಾಡುವ ಯೂರಿಯಾ ಉಸಿರು ಪರೀಕ್ಷೆ ಬೇರೆಯೇ ಆಗಿದ್ದು, ಅದು ಮೂತ್ರಪಿಂಡದ ಸ್ಥಿತಿಯನ್ನು ಹೇಳುವುದಿಲ್ಲ.