ಎಷ್ಟು ಎಂಎಂ ತಮ್ಮಾ ಇದು?

ಭಾನುವಾರ ಬೆಳಿಗ್ಗೆ ಹತ್ತಿದ ಸಿಟ್ಟು. ಇವತ್ತು ಬುಧವಾರ, ಇನ್ನೂ ಇಳಿದಿಲ್ಲ. ಮನೆಯಲ್ಲಿ ಹೇಳಿ ಹೇಳಿ, ಈಗ ನಾನು ಬಾಯಿ ತೆರೆದರೆ ಟಿವಿ ಸೌಂಡ್ ಜಾಸ್ತಿ ಆಗುತ್ತದೆ. ಹಾಗಾಗಿ ಇನ್ನು ನಿಮ್ಮ ಸರದಿ.

ಒಂದು ಪಕ್ಷಿಧಾಮಕ್ಕೆ ಹೋಗಿದ್ದೆ. ಯಾವುದು ಅಂತ ಹೇಳೋದಿಲ್ಲ. ಗೇಟಿನಲ್ಲಿ ಕೂತಿದ್ದವರು ಪಾಪದವರು, ಅವರಿಗೆ ಸುಮ್ನೆ ತೊಂದರೆ ಬೇಡ. ಟಿಕೆಟ್ ಕೊಡುವ ಕಿಟಕಿಯ ಪಕ್ಕ ಒಂದು ಬೋರ್ಡು. ದೊಡ್ಡವರಿಗೆ ಇಷ್ಟು, ಮಕ್ಕಳಿಗೆ ಇಷ್ಟು, ಕಾರಿಗೆ ಇಷ್ಟು. ಅದರ ಕೆಳಗೆ ಕ್ಯಾಮೆರಾ ದರ. ಮೊಬೈಲ್ ಉಚಿತ. 200 ಎಂಎಂವರೆಗಿನ ಲೆನ್ಸ್‌ಗೆ 100 ರೂಪಾಯಿ. (ಎಂಎಂ ಅಂದರೆ ಲೆನ್ಸಿನ ಫೋಕಲ್ ಉದ್ದ. ಅದು ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ.) ಅದಕ್ಕಿಂತ ಉದ್ದದ್ದಕ್ಕೆ 500. ಬೋರ್ಡಿನ ಪಕ್ಕದಲ್ಲೇ ಇನ್ನೊಂದು ಫ್ಲೆಕ್ಸು: ನಿಮ್ಮ ಚಂದದ ಫೋಟೋ ತೆಗೆದು ನಮಗೆ ಟ್ಯಾಗ್ ಮಾಡಿ! ಎರಡನ್ನೂ ಒಂದೇ ಮೊಳೆಗೆ ಕಟ್ಟಿದ್ದರು.

ನನ್ನ ಮುಂದೆ ಒಬ್ಬ ಹುಡುಗ. ಡಿಪ್ಲೊಮಾ ಓದುವ ವಯಸ್ಸು. ಜೊತೆಗೆ ಏಳೆಂಟು ವರ್ಷದ ತಂಗಿ, ಅವಳ ಕೈಯಲ್ಲಿ ಹಕ್ಕಿಗಳ ಹೆಸರು ಬರೆದ ನೋಟ್‌ಬುಕ್ಕು. ಹುಡುಗನ ಕೊರಳಲ್ಲಿ ನಿಕಾನ್ ಡಿ5300. 2013ರ ಮಾಡೆಲ್ಲು. ಹಿಡಿಯುವ ಕಡೆ ರಬ್ಬರ್ ಕಿತ್ತುಬಂದು ಫೆವಿಕ್ವಿಕ್ ಹಾಕಿದ ಗುರುತು. ಅದಕ್ಕೆ 70ರಿಂದ 300 ಎಂಎಂವರೆಗೆ ಜೂಮ್ ಆಗುವ 70-300 ಲೆನ್ಸ್.

“ಎಷ್ಟು ಎಂಎಂ ತಮ್ಮಾ ಇದು?”

“ಮುನ್ನೂರು ಸಾರ್.”

“ಹಂಗಾದ್ರೆ ಐನೂರು ರೂಪಾಯಿ.”

“ಸಾರ್, ಇದು ನಮ್ಮ ಚಿಕ್ಕಪ್ಪನ ಸ್ಟುಡಿಯೋದಲ್ಲಿ ಸುಮ್ನೆ ಬಿದ್ದಿತ್ತು. ಇವಳಿಗೆ ಹಕ್ಕಿ ತೋರಿಸೋಣ ಅಂತ ತಂದೆ ಅಷ್ಟೇ.”

“ನಾನೇನ್ ಮಾಡ್ಲಪ್ಪಾ, ಬೋರ್ಡಲ್ಲಿ ಬರ್ದಿದೆ.”

ಇದು ನಡೆಯುತ್ತಿರುವಾಗಲೇ ಪಕ್ಕದಿಂದ ನಾಲ್ಕು ಜನರ ಗುಂಪೊಂದು ಒಳಗೆ ಹೋಯಿತು. ಒಬ್ಬರ ಕೈಯಲ್ಲಿ ವಿವೋ ಎಕ್ಸ್300 ಪ್ರೊ. ಅದರ ಬೆನ್ನಿಗೆ ಉಪ್ಪಿನಕಾಯಿ ಡಬ್ಬಿಯಂಥ ಒಂದು ಲೆನ್ಸು ಸಿಕ್ಕಿಸಿದ್ದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆ ಫೋನಿನ ಟೆಲಿಫೋಟೋ, ಅಂದರೆ ದೂರದ್ದನ್ನು ತೆಗೆಯುವ ಕ್ಯಾಮೆರಾ 85 ಎಂಎಂ ಲೆನ್ಸಿನಷ್ಟು ನೋಟದ್ದು, 200 ಮೆಗಾಪಿಕ್ಸೆಲ್. ಮೇಲೆ ಸಿಕ್ಕಿಸುವ ಲೆನ್ಸು ಅದನ್ನು 2.35 ಪಟ್ಟು ಹತ್ತಿರ ಎಳೆಯುತ್ತದೆ. 85ನ್ನು 2.35ರಿಂದ ಗುಣಿಸಿ. ಹೆಚ್ಚುಕಮ್ಮಿ 200! ಬೋರ್ಡು ಬರೆದವರನ್ನು ಕೇಳಿಯೇ ಮಾಡಿದ ಹಾಗಿದೆ. ಅದರ ಮೇಲೆ ಡಿಜಿಟಲ್ ಜೂಮ್ ಬೇರೆ. ಅವರಿಗೆ ಎಷ್ಟು ರೂಪಾಯಿ? ಸೊನ್ನೆ. ಯಾಕೆಂದರೆ ಅದರಲ್ಲಿ ಅಮ್ಮನಿಗೆ ಫೋನೂ ಮಾಡಬಹುದಲ್ಲ, ಹಾಗಾಗಿ ಅದು ಕ್ಯಾಮೆರಾ ಅಲ್ಲ.

ಹುಡುಗ ಐದು ನಿಮಿಷ ಯೋಚಿಸಿದ. ಆಮೇಲೆ ಬ್ಯಾಗಿನಿಂದ ಹತ್ತಿರದ್ದಕ್ಕಷ್ಟೇ ಆಗುವ 18-55 ಲೆನ್ಸ್ ತೆಗೆದು ಅದನ್ನು ಹಾಕಿಕೊಂಡ. 70-300 ಲೆನ್ಸನ್ನು ಗೇಟಿನವರ ಡ್ರಾಯರಿನಲ್ಲಿ, ಟೀ ಫ್ಲಾಸ್ಕಿನ ಪಕ್ಕದಲ್ಲಿ ಇಟ್ಟು, 100 ರೂಪಾಯಿ ಕೊಟ್ಟು ಒಳಗೆ ಹೋದ.

ಪಕ್ಷಿಧಾಮಕ್ಕೆ. 18-55 ಹಿಡಿದು. ಮದುವೆ ಊಟಕ್ಕೆ ಹೋಗಿ ನೀರು ಕುಡಿದು ಬಂದ ಹಾಗೆ.

ಈ ಎಂಎಂ ಅನ್ನೋದೇ ಎಂಥ ತಮಾಷೆ ನೋಡಿ. ನಿಕಾನ್ ಪಿ1000 ಅಂತ ಒಂದು ಕ್ಯಾಮೆರಾ 2018ರಲ್ಲಿ ಬಂತು. 2025ರ ಶುರುವಿನಲ್ಲಿ ಅದರ ತಮ್ಮ ಪಿ1100 ಕೂಡ ಬಂತು. ಅದು ಎಷ್ಟು ದೂರ ನೋಡುತ್ತದೆ ಅಂದರೆ, 3000 ಎಂಎಂ ಲೆನ್ಸಿನಷ್ಟು. ಚಂದ್ರನ ಗುಂಡಿಗಳನ್ನು ಎಣಿಸಬಹುದು. ಆದರೆ ಒಳಗೆ ಚಿತ್ರ ಹಿಡಿಯುವ ಚಿಪ್, ಅಂದರೆ ಸೆನ್ಸರ್, ಕಡಲೆಬೇಳೆಯಷ್ಟು ಪುಟ್ಟದು, ನೋಟದ ನಡುವಿನ ತುಣುಕನ್ನಷ್ಟೇ ಹಿಡಿಯುತ್ತದೆ. ಆದ್ದರಿಂದ ಲೆನ್ಸಿನ ನಿಜವಾದ ಫೋಕಲ್ ಉದ್ದ 539 ಎಂಎಂ ಮಾತ್ರ, ಮೂತಿಯ ಮೇಲೆ ಬರೆದಿರುವುದೂ ಅದೇ. ಈಗ ಹೇಳಿ, ಬೋರ್ಡಿನವರು 539 ಹಿಡಿಯುತ್ತಾರೋ, 3000 ಹಿಡಿಯುತ್ತಾರೋ? ಓಎಂ ಸಿಸ್ಟಮ್ ಅನ್ನುವ ಕಂಪನಿಯ ಕ್ಯಾಮೆರಾದಲ್ಲಿ ಸೆನ್ಸರ್ ಚಿಕ್ಕದು, ಅದರಲ್ಲಿ 300 ಎಂಎಂ ಹಾಕಿದರೆ 600ರ ನೋಟ ಸಿಗುತ್ತದೆ. ಆ ಹುಡುಗನ ನಿಕಾನ್‌ನಲ್ಲಿ ಅದೇ 300 ಹಾಕಿದರೆ 450ರ ನೋಟ. ಫುಲ್‌ಫ್ರೇಮಿನಲ್ಲಿ, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ, ಬರೀ 300. ಲೆನ್ಸಿನ ಮೇಲೆ ಬರೆದ ನಂಬರೊಂದನ್ನೇ ನೋಡಿ ಹಕ್ಕಿ ಎಷ್ಟು ದೊಡ್ಡದಾಗಿ ಬರುತ್ತದೆ ಅಂತ ಹೇಳೋಕೇ ಆಗೋದಿಲ್ಲ. ಅಷ್ಟಕ್ಕೂ, ಲೆನ್ಸ್ ಉದ್ದ ಆದರೆ ಹಕ್ಕಿಗೇನು ನಷ್ಟ? ಉದ್ದ ಲೆನ್ಸ್ ಇರುವವರು ದೂರ ನಿಲ್ಲುತ್ತಾರೆ. ಇಲ್ಲದವರೇ ಗೂಡಿನ ಹತ್ತಿರ ನುಗ್ಗೋದು. ನ್ಯಾಯವಾಗಿ ನೋಡಿದರೆ ಉದ್ದ ಲೆನ್ಸಿನವರಿಗೆ ರಿಯಾಯಿತಿ ಕೊಡಬೇಕು!

ಈಗ ಒಂದು ತಪ್ಪೊಪ್ಪಿಗೆ. ಆ ಹುಡುಗನ ಹಿಂದೆ ನಿಂತಿದ್ದ ನಾನು ಕ್ಯಾಮೆರಾಕ್ಕೆ ಎಷ್ಟು ಕೊಟ್ಟೆ ಗೊತ್ತಾ? ಏನೂ ಇಲ್ಲ. ನನ್ನ ಪುಟ್ಟ ಕ್ಯಾಮೆರಾ ರಿಕೋ ಜಿಆರ್ 3 ಚೂಡಿದಾರದ ಜೇಬಿನಲ್ಲಿತ್ತು. 257 ಗ್ರಾಂ. ಕಾಲು ಕೆಜಿ ಬೆಣ್ಣೆಯಷ್ಟು. ಅದರೊಳಗಿನ ಸೆನ್ಸರ್ ಎಪಿಎಸ್-ಸಿ ಅನ್ನುವ ಮಧ್ಯಮ ಅಳತೆಯದ್ದು, 24 ಮೆಗಾಪಿಕ್ಸೆಲ್. ಹುಡುಗನ ಡಿ5300 ಒಳಗಿರುವುದೂ ಅದೇ ಅಳತೆಯದ್ದು, ಅಷ್ಟೇ ಮೆಗಾಪಿಕ್ಸೆಲ್. ಅವನದ್ದು ಕಾಣಿಸುತ್ತದೆ, ನನ್ನದು ಕಾಣಿಸುವುದಿಲ್ಲ. ವ್ಯತ್ಯಾಸ ಇಷ್ಟೇ. ಬಾಯಿ ತೆರೆದು “ಅಣ್ಣಾ, ನನ್ನ ಹತ್ರಾನೂ ಒಂದಿದೆ, ನಂದೂ ಬರ್ಕೊಳ್ಳಿ, ಅಥವಾ ಅವನ್ನೂ ಬಿಡಿ” ಅನ್ನಬೇಕಿತ್ತು. ಅನ್ನಲಿಲ್ಲ. ದುಪಟ್ಟಾ ಸರಿಮಾಡಿಕೊಂಡು ಜೇಬು ಮುಚ್ಚಿಕೊಂಡೆ.

ಇನ್ನೊಂದೂ ಹೇಳಿಬಿಡುತ್ತೇನೆ. ಹೋದ ವರ್ಷ ಇಲ್ಲೇ ಒಂದು ಉದ್ದ ಬರಹ ಹಾಕಿದ್ದೆ, ನೆನಪಿದೆಯಾ? ದೊಡ್ಡ ಕ್ಯಾಮೆರಾ ಬಿಟ್ಟು ಚಿಕ್ಕದಕ್ಕೆ ಬಂದೆ, ಪ್ರವಾಸ ಹಗುರಾಯಿತು, ಬೀದಿಯಲ್ಲಿ ಜನ ಬೆದರೋದಿಲ್ಲ, ನೋಡುವ ಕಣ್ಣೇ ಬದಲಾಯಿತು ಅಂತೆಲ್ಲ. ನೂರಾರು ಲೈಕ್ ಕೊಟ್ಟಿರಿ. ಅದು ಸುಳ್ಳು. ಗೇಟಿನ ಭಯಕ್ಕೆ ಕೊಂಡದ್ದು. ಪ್ರತಿ ಕಡೆಯೂ “ಮೇಡಂ, ಇದು ಪ್ರೊಫೆಷನಲ್ಲಾ?” ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟು ಸಾಕಾಗಿತ್ತು. ಕ್ಯಾಮೆರಾ ಬಂದ ಮೇಲೆ ಟೈಲರ್ ಹತ್ತಿರ ಹೋಗಿ ನಾಲ್ಕು ಚೂಡಿದಾರಕ್ಕೆ ಜೇಬು ಹಾಕಿಸಿದೆ. ಅಷ್ಟೇ ನನ್ನ ಕಲೆಯ ಕಥೆ.

ನನ್ನೊಬ್ಬಳದ್ದೇ ಅಲ್ಲ ಅನಿಸುತ್ತದೆ. ಈಚಿನ ಸುದ್ದಿ ನೋಡಿ. ಫ್ಯೂಜಿ ಎಕ್ಸ್100-6 ಅನ್ನುವ ಚಿಕ್ಕ ಕ್ಯಾಮೆರಾ ಬಂದಿದ್ದು 2024ರ ಫೆಬ್ರವರಿಯಲ್ಲಿ. 40 ಮೆಗಾಪಿಕ್ಸೆಲ್, ಅಲುಗಾಟ ತಡೆಯುವ ವ್ಯವಸ್ಥೆ ಒಳಗೇ ಇದೆ, ನೋಡಲು ಅಜ್ಜನ ಕಾಲದ ಕ್ಯಾಮೆರಾ. ತಿಂಗಳುಗಟ್ಟಲೆ ಕಾದರೂ ಸಿಗಲಿಲ್ಲ ಜನಕ್ಕೆ. ಸೋನಿಯವರು ಆರ್‌ಎಕ್ಸ್1ಆರ್ ಅನ್ನು 2015ರಿಂದ ಮರೆತೇ ಬಿಟ್ಟಿದ್ದರು. 2025ರ ಜುಲೈನಲ್ಲಿ ಇದ್ದಕ್ಕಿದ್ದಂತೆ ಮೂರನೆಯದು ತಂದರು. ಅಂಗೈಯಗಲದ ಕ್ಯಾಮೆರಾ, ಅದರಲ್ಲಿ 61 ಮೆಗಾಪಿಕ್ಸೆಲ್ ಫುಲ್‌ಫ್ರೇಮ್, ತೂಕ ಅರ್ಧ ಕೆಜಿಗಿಂತ ಸ್ವಲ್ಪ ಕಮ್ಮಿ, ಬೆಲೆ 5,000 ಡಾಲರ್ ಮೇಲೆ. ನನ್ನ ರಿಕೋದ ಮುಂದಿನ ತಲೆಮಾರು ಜಿಆರ್ 4 ಕೂಡ ಅದೇ ವರ್ಷ ಬಂತು, ಸುಮಾರು 1,500 ಡಾಲರ್. (ಕೊಳ್ಳೋದಿಲ್ಲ. ಕೊಳ್ಳೋದಿಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೇನೆ. ಆದರೆ ಅದರಲ್ಲಿ 53 ಜಿಬಿ ಒಳಗೇ ಇದೆ, ಕಾರ್ಡ್ ಮರೆತು ಹೋದರೂ ಚಿಂತೆಯಿಲ್ಲ. ಸುಮ್ನೆ ಹೇಳಿದೆ.)

ಇವೆಲ್ಲ ಕೋಟಿನ ಜೇಬಿನಲ್ಲಿ ಕೂತು ಗೇಟು ದಾಟುತ್ತವೆ. ನಾಲ್ಕು ಲಕ್ಷದ ಕ್ಯಾಮೆರಾ ಬಿಟ್ಟಿ. ಯಾರದು ಸಿಕ್ಕಿಬೀಳುತ್ತದೆ? ಮದುವೆ ಸ್ಟುಡಿಯೋಗಳೆಲ್ಲ ಮಿರರ್‌ಲೆಸ್ ಅನ್ನುವ ಹೊಸ ಬಗೆಯ ಕ್ಯಾಮೆರಾಕ್ಕೆ ಹೋದ ಮೇಲೆ ಅಗ್ಗಕ್ಕೆ ಮಾರಾಟವಾದ, ಇಲ್ಲವೇ ಮೂಲೆಗೆ ಬಿದ್ದ, ಆ ಹುಡುಗನದ್ದರಂಥ ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ. ಕಲಿಯೋಕೆ ಅದಕ್ಕಿಂತ ಒಳ್ಳೆಯದಿಲ್ಲ. ಅದಕ್ಕೇ ಓದುವ ಹುಡುಗರು ಅದನ್ನು ಹಿಡಿದು ಬರುತ್ತಾರೆ. ಅಂದರೆ ಈ ಬೋರ್ಡು ಕೇಳುತ್ತಿರುವುದು ದುಡ್ಡಿದ್ದವರ ಹತ್ತಿರ ಅಲ್ಲ, ಜೇಬಿನಲ್ಲಿ ಹಿಡಿಸುವ ಕ್ಯಾಮೆರಾ ಕೊಳ್ಳಲು ಆಗದವರ ಹತ್ತಿರ.

ಸರಿ, ಇನ್ನೊಂದು ಕಡೆಯನ್ನೂ ಹೇಳುತ್ತೇನೆ, ಇಲ್ಲದಿದ್ದರೆ ಕಾಮೆಂಟಿನಲ್ಲಿ ಬಂದು ಪಾಠ ಮಾಡುತ್ತೀರಿ. ಆ ದುಡ್ಡು ಜಾಗದ ನಿರ್ವಹಣೆಗೆ ಬೇಕು. ಬೇಕು, ಒಪ್ಪಿದೆ. ದುಡ್ಡು ಮಾಡುವ ಶೂಟಿಂಗ್‌ನವರಿಂದ ತೆಗೆದುಕೊಳ್ಳಬೇಕು. ಅದನ್ನೂ ಒಪ್ಪಿದೆ. ಪ್ರೀ-ವೆಡ್ಡಿಂಗ್‌ನವರು ಬಣ್ಣದ ಹೊಗೆ ಬಿಟ್ಟು, ಹತ್ತು ಮೀಟರ್ ಗೌನು ಹಾರಿಸಿ, ಸ್ಪೀಕರಿನಲ್ಲಿ ಹಾಡು ಹಾಕಿ ಮಾಡುವ ಹಾವಳಿ ನಾನೂ ನೋಡಿದ್ದೇನೆ. ಅವರಿಂದ ಐನೂರಲ್ಲ, ಐದು ಸಾವಿರ ತಗೊಳ್ಳಿ. ಆದರೆ ಅವರನ್ನು ಗುರುತಿಸೋಕೆ ಎಂಎಂ ಯಾಕೆ ಬೇಕು? ಲೈಟು, ಸ್ಟ್ಯಾಂಡು, ರಿಫ್ಲೆಕ್ಟರು, ಬಟ್ಟೆ ಬದಲಾಯಿಸುವ ಟೆಂಟು, ಎಲ್ಲ ಕಣ್ಣಿಗೆ ಕಾಣುತ್ತದಲ್ಲ. ಈಗ ಎಷ್ಟೋ ರೀಲ್ಸ್ ಕೆಲಸ ನಡೆಯೋದೇ ಮೊಬೈಲಿನಲ್ಲಿ. ದುಡ್ಡಿಗೆ ಮಾಡುವವರು ಉಚಿತ, ತಂಗಿಗೆ ಹಕ್ಕಿ ತೋರಿಸುವವನು ಪ್ರೊಫೆಷನಲ್ಲು!

ಬೇರೆ ದಾರಿ ಇಲ್ಲ ಅಂತಲೂ ಹೇಳಬೇಡಿ. ಪುರಾತತ್ವ ಇಲಾಖೆ 2018ರ ಜುಲೈನಲ್ಲಿ ತನ್ನ ಸ್ಮಾರಕಗಳಲ್ಲಿ ಫೋಟೋ ತೆಗೆಯುವುದಕ್ಕಿದ್ದ ನಿರ್ಬಂಧ ತೆಗೆದುಹಾಕಿತು. ಅಜಂತಾ ಗುಹೆ, ಲೇಹ್ ಅರಮನೆ, ತಾಜ್‌ಮಹಲಿನ ಸಮಾಧಿಯ ಜಾಗ ಮಾತ್ರ ಹೊರತು. ಟ್ರೈಪಾಡ್ ಊರಬೇಕಾದರೆ ಮೊದಲೇ ಅನುಮತಿ ಬೇಕು. ಅದಕ್ಕೊಂದು ಅರ್ಥವಿದೆ. ಟ್ರೈಪಾಡ್ ಜಾಗ ಹಿಡಿಯುತ್ತದೆ, ದಾರಿಗೆ ಅಡ್ಡ ನಿಲ್ಲುತ್ತದೆ. ಬಾದಾಮಿಯಲ್ಲಿ ನನ್ನ ದೊಡ್ಡ ಕ್ಯಾಮೆರಾ ನೋಡಿ ಯಾರೂ ಮಿಲಿಮೀಟರ್ ಕೇಳಲಿಲ್ಲ. ಕೋತಿಗಳು ಮಾತ್ರ ಬ್ಯಾಗಿನಲ್ಲಿ ಏನಿದೆ ಅಂತ ವಿಚಾರಿಸಿದವು.

ಇನ್ನು ಮೊಬೈಲ್ ಪಾಪದ್ದು, ಕ್ಯಾಮೆರಾ ಘೋರವಾದದ್ದು ಅನ್ನುವ ನಂಬಿಕೆ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹುಲಿ ಮೀಸಲು ಕಾಡುಗಳ ಒಳಭಾಗದ ಪ್ರವಾಸಿ ವಲಯದಲ್ಲಿ ಬಳಸಬಾರದು ಅಂದಿದ್ದು ಯಾವುದನ್ನು? ಮೊಬೈಲನ್ನು. ಸಫಾರಿ ಜೀಪಿನಲ್ಲಿ ಕೂತವರಿಗೆ ಇದು ಅರ್ಥವಾಗುತ್ತದೆ. ಹುಲಿ ಬಂದಾಗ ಮೈಮೇಲೆ ಬಿದ್ದು ಕೈ ಚಾಚುವವರು, ಫ್ಲ್ಯಾಶ್ ಆಫ್ ಮಾಡಲು ಬಾರದವರು, ಸರಿಯಾದ ಹೊತ್ತಿಗೆ ರಿಂಗ್‌ಟೋನ್ ಹೊಡೆಸುವವರು ಯಾರು ಅಂತ ನಾನು ಬಿಡಿಸಿ ಹೇಳಬೇಕೇ?

ಅಂದಹಾಗೆ, ಕ್ಯಾಮೆರಾ ಕೊಳ್ಳುವಾಗಲೇ ಶೇಕಡಾ 18 ಜಿಎಸ್‌ಟಿ ಕಟ್ಟಿರುತ್ತೇವೆ. 2018ರ ಕೊನೆಯವರೆಗೂ 28 ಇತ್ತು. ಸರ್ಕಾರಕ್ಕೇ ಒಮ್ಮೆ ಇದು ಶ್ರೀಮಂತರ ಆಟಿಕೆ ಅಲ್ಲ ಅನಿಸಿ ಇಳಿಸಿತು. ಗೇಟಿನ ಬೋರ್ಡಿಗೆ ಆ ಸುದ್ದಿ ತಲುಪಿಲ್ಲ.

ಮತ್ತೆ ಆ ಹುಡುಗನ ವಿಷಯ. ಹೊರಗೆ ಬರುವಾಗ ಅಣ್ಣ ತಂಗಿ ಗೇಟಿನ ಹತ್ತಿರದ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಅವನು ಕ್ಯಾಮೆರಾ ಪರದೆಯಲ್ಲಿ ಫೋಟೋ ದೊಡ್ಡದು ಮಾಡಿ ಮಾಡಿ ತೋರಿಸುತ್ತಿದ್ದ. ಅವಳು ಪೆನ್ಸಿಲ್ ಕಚ್ಚಿಕೊಂಡು, “ಇದು ಹೆಜ್ಜಾರ್ಲೆನಾ, ಬಣ್ಣದ ಕೊಕ್ಕರೆನಾ ಅಣ್ಣಾ?” ಅಂದಳು. “ಬಿಳಿ ಚುಕ್ಕೆ ಕಣೇ. ಹೆಜ್ಜಾರ್ಲೆ ಅಂತ್ಲೇ ಬರ್ಕೋ” ಅಂದ. ಅವಳು ಬರೆದುಕೊಂಡಳು. ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆಯನ್ನೂ ಹಾಕಿಕೊಂಡಳು.

ನಾನು ಕಾರಿನಲ್ಲಿ ಕೂತು ನನ್ನ ಕ್ಯಾಮೆರಾ ತೆಗೆದು ನೋಡಿದೆ. ನನ್ನದು 28 ಎಂಎಂ ನೋಟದ್ದು. ನನಗೆ ಚುಕ್ಕೆಯೂ ಬಿದ್ದಿರಲಿಲ್ಲ.